‘ಅರ್ಧ ತಾಸು ಬಿಟ್ಟು ಬಾ’: ಇ-ಮೇಲ್ ಬಾಗಿಲಲ್ಲಿ ಕಾಯುವುದೇಕೆ

ಕಳೆದ ತಿಂಗಳ ಒಂದು ರಾತ್ರಿ 11:08ಕ್ಕೆ ಅಕ್ಕನ ಮಗಳ ಫೋನ್ ಬಂತು. ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ ಹುಡುಗಿ. ಅಂದು ಒಂದು ಹುದ್ದೆಗೆ ಅರ್ಜಿ ಹಾಕಲು ಕಡೆಯ ದಿನ. ನಡುರಾತ್ರಿ 12ಕ್ಕೆ ಜಾಲತಾಣ ಮುಚ್ಚುತ್ತದೆ. ಅರ್ಜಿ ತುಂಬಿದ್ದಾಗಿತ್ತು, ಶುಲ್ಕ ಕಟ್ಟಿದ್ದಾಗಿತ್ತು. ಉಳಿದದ್ದು ಇ-ಮೇಲ್‌ಗೆ ಬರುವ ಆರು ಅಂಕಿಯ ಕೋಡ್ ಒಂದೇ. ಅದರ ಆಯುಷ್ಯ ಹತ್ತು ನಿಮಿಷ.

10:40ಕ್ಕೆ ಮೊದಲ ಸಲ ಕೋಡ್ ಕೇಳಿದ್ದಳು. ಬರಲಿಲ್ಲ. ‘ಮತ್ತೆ ಕಳುಹಿಸಿ’ ಗುಂಡಿಯನ್ನು 10:44ಕ್ಕೆ ಒತ್ತಿದಳು, 10:47ಕ್ಕೆ ಒತ್ತಿದಳು, 10:52ಕ್ಕೆ, 10:56ಕ್ಕೆ. ಪೆಟ್ಟಿಗೆ ಖಾಲಿ. 11:01ರಿಂದ ಒಂದರ ಹಿಂದೊಂದು ಪತ್ರ ಬರತೊಡಗಿದವು. ಯಾವ ಕೋಡ್ ಹಾಕಿದರೂ ತಪ್ಪು ಎಂಬ ಉತ್ತರ. 11:03ಕ್ಕೆ ಇನ್ನೊಮ್ಮೆ ಒತ್ತಿದಳು. ನನಗೆ ಫೋನ್ ಮಾಡುವ ಹೊತ್ತಿಗೆ ಪೆಟ್ಟಿಗೆಯಲ್ಲಿ ಆರು ಪತ್ರಗಳಿದ್ದವು, ಎಲ್ಲಕ್ಕಿಂತ ಮೇಲಿನದರ ಕೋಡ್ ಹಾಕಿ ಅದೂ ಸುಳ್ಳಾಗಿತ್ತು.

“ಮಾಮಾ, ಒಂದೂ ಹಿಡಿಯುತ್ತಿಲ್ಲ” ಎಂದಳು. ಧ್ವನಿ ನಡುಗುತ್ತಿತ್ತು.

“ಮೇಲಿನದನ್ನು ಬಿಡು. ಪ್ರತಿ ಪತ್ರದೊಳಗೆ ಕೋಡ್ ಹುಟ್ಟಿದ ಸಮಯ ಬರೆದಿರುತ್ತದೆ. ಎಲ್ಲಕ್ಕಿಂತ ಈಚಿನದು ಯಾವುದು ನೋಡು” ಎಂದೆ.

ಮೇಲಿನಿಂದ ಮೂರನೆಯ ಪತ್ರದಲ್ಲಿ 11:03 ಎಂದಿತ್ತು. ಅದನ್ನು ಹಾಕಿದಳು. 11:11ಕ್ಕೆ ಅರ್ಜಿ ಸಲ್ಲಿಕೆಯಾಯಿತು.

ಹುಬ್ಬಳ್ಳಿಯ ಕೆಲವು ಕಚೇರಿಗಳ ಮೇಲ್ ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಕಸುಬು. ‘ಕಳುಹಿಸಿದವರು ಕಳುಹಿಸಿದ್ದೇವೆ ಎನ್ನುತ್ತಾರೆ, ನಮಗೆ ಬಂದಿಲ್ಲ’ ಎಂಬ ದೂರು ನನಗೆ ಹೊಸದಲ್ಲ. ಆದರೆ ಅರ್ಜಿ, ಪ್ರವೇಶಪತ್ರ, ಬ್ಯಾಂಕ್, ಟೆಂಡರ್ ಎಲ್ಲವೂ ಇ-ಮೇಲ್‌ನ ಕೋಡ್‌ಗೆ ಜೋತುಬಿದ್ದಿರುವ ಈ ಕಾಲದಲ್ಲಿ, ಇಪ್ಪತ್ತು ನಿಮಿಷದ ತಡವೂ ಒಬ್ಬರ ಒಂದು ವರ್ಷವನ್ನು ನುಂಗಬಲ್ಲದು. ಅಂದು ರಾತ್ರಿ ಯಾವ ಯಂತ್ರವೂ ಕೆಟ್ಟಿರಲಿಲ್ಲ. ಎಲ್ಲವೂ ತಮಗೆ ಹೇಳಿಕೊಟ್ಟಂತೆಯೇ ನಡೆದುಕೊಂಡಿದ್ದವು. ಹಾಗಿದ್ದೂ ಕೋಡ್ ತಡವಾದದ್ದು ಏಕೆ, ಕ್ರಮ ತಪ್ಪಿ ಬಂದದ್ದು ಏಕೆ ಎಂಬುದನ್ನು ಬುಡದಿಂದ ಹೇಳುತ್ತೇನೆ.

ಪತ್ರ ಕೈಯಿಂದ ಕೈಗೆ

ನೀವು ‘ಕಳುಹಿಸು’ ಒತ್ತಿದಾಗ ಪತ್ರ ನೇರವಾಗಿ ಎದುರಿನವರ ಮೊಬೈಲಿಗೆ ಹೋಗುವುದಿಲ್ಲ. ಮೊದಲು ನಿಮ್ಮ ಕಡೆಯ ಮೇಲ್ ಸರ್ವರ್‌ಗೆ ಹೋಗುತ್ತದೆ. ಮೇಲ್ ಸರ್ವರ್ ಎಂದರೆ ಹಗಲಿರುಳು ಎಚ್ಚರವಿದ್ದು ಪತ್ರ ತೆಗೆದುಕೊಳ್ಳುವ, ಮುಂದಕ್ಕೆ ಸಾಗಿಸುವ ಕಂಪ್ಯೂಟರ್. ಊರಿನ ಅಂಚೆ ಕಚೇರಿ ಇದ್ದಂತೆ. ನಿಮ್ಮ ಸರ್ವರ್ ಎದುರಿನವರ ವಿಳಾಸದಲ್ಲಿ ‘@’ ಗುರುತಿನ ಬಲಕ್ಕಿರುವ ಹೆಸರನ್ನು ಓದಿ, ಆ ಹೆಸರಿಗೆ ಬರುವ ಪತ್ರಗಳನ್ನು ಯಾವ ಸರ್ವರ್ ತೆಗೆದುಕೊಳ್ಳುತ್ತದೆ ಎಂದು ಹುಡುಕಿ, ಅದರ ಬಾಗಿಲು ತಟ್ಟುತ್ತದೆ.

ಅಲ್ಲಿ ಎರಡು ಯಂತ್ರಗಳ ನಡುವೆ ಒಂದು ಸಂಭಾಷಣೆ ನಡೆಯುತ್ತದೆ. ಅದರ ಶಿಷ್ಟಾಚಾರಕ್ಕೆ ಎಸ್‌ಎಂಟಿಪಿ ಎಂದು ಹೆಸರು. 1982ರಲ್ಲಿ ಜಾನ್ ಪೋಸ್ಟೆಲ್ ಅದನ್ನು ಆರ್‌ಎಫ್‌ಸಿ 821 ಎಂಬ ದಾಖಲೆಯಲ್ಲಿ ಬರೆದಿಟ್ಟರು; 2008ರಲ್ಲಿ ಅದರ ಪರಿಷ್ಕೃತ ರೂಪ ಆರ್‌ಎಫ್‌ಸಿ 5321 ಬಂತು. ಮಾತು ಸಾಗುವ ಕ್ರಮ ಹೀಗೆ. ಬಂದ ಯಂತ್ರ ನಮಸ್ಕಾರ ಹೇಳಿ ತನ್ನ ಹೆಸರು ಹೇಳುತ್ತದೆ. ಆಮೇಲೆ ‘ಇಂಥವರಿಂದ ಪತ್ರ ತಂದಿದ್ದೇನೆ’ ಎನ್ನುತ್ತದೆ. ಆಮೇಲೆ ‘ನಿಮ್ಮಲ್ಲಿರುವ ಇಂಥವರಿಗೆ’ ಎನ್ನುತ್ತದೆ. ಇಷ್ಟು ಲಕೋಟೆಯ ಮೇಲಿನ ಬರಹ. ಇದಕ್ಕೆ ಒಪ್ಪಿಗೆ ಸಿಕ್ಕ ಮೇಲಷ್ಟೇ ಒಳಗಿನ ಕಾಗದವನ್ನು, ಎಂದರೆ ಪತ್ರದ ಒಡಲನ್ನು ಒಪ್ಪಿಸುತ್ತದೆ.

ಪ್ರತಿ ಮಾತಿಗೂ ಬಾಗಿಲಿನವರು ಮೂರಂಕಿಯ ಉತ್ತರ ಕೊಡುತ್ತಾರೆ. ಮೊದಲ ಅಂಕಿಯನ್ನು ನೋಡಿದರೆ ಸಾಕು. ಅದು 2 ಆಗಿದ್ದರೆ ‘ಆಯಿತು’. 5 ಆಗಿದ್ದರೆ ‘ಆಗುವುದಿಲ್ಲ, ಮತ್ತೆ ಬರಬೇಡ’; ಆ ಹೆಸರಿನವರು ಇಲ್ಲಿಲ್ಲ ಎಂಬಂಥ ಸಂದರ್ಭಕ್ಕೆ ಇದು. 4 ಆಗಿದ್ದರೆ ‘ಈಗ ಆಗುವುದಿಲ್ಲ, ಆಮೇಲೆ ಬಾ’.

ಈ 4ಕ್ಕೂ 5ಕ್ಕೂ ನಡುವಿನ ಅಂತರದ ಮೇಲೆ ಮುಂದಿನ ಕಥೆಯೆಲ್ಲ ನಿಂತಿದೆ. 5 ಬಂದರೆ ನಿಮ್ಮ ಸರ್ವರ್ ಪತ್ರವನ್ನು ನಿಮಗೇ ಮರಳಿಸುತ್ತದೆ. ಮೇಲ್ ಬೌನ್ಸ್ ಆಯಿತು ಎನ್ನುತ್ತೇವಲ್ಲ, ಅದು ಇದೇ. 4 ಬಂದರೆ ಪತ್ರವನ್ನು ತನ್ನಲ್ಲೇ ಇಟ್ಟುಕೊಂಡು, ಸ್ವಲ್ಪ ಹೊತ್ತಿನ ಮೇಲೆ ತಾನೇ ಮತ್ತೆ ಹೋಗಬೇಕು. ಡಿಸ್ಕ್ ತುಂಬಿದ್ದರೆ, ಯಂತ್ರಕ್ಕೆ ಕೆಲಸದ ಹೊರೆ ಹೆಚ್ಚಾಗಿದ್ದರೆ ಹೇಳಲೆಂದು ಈ ಉತ್ತರವನ್ನು ಆರಂಭದಲ್ಲೇ ನಿಯಮದೊಳಗೆ ಸೇರಿಸಿದ್ದರು.

ಮಾಳಮಡ್ಡಿಯ ಅಜ್ಜಿಯ ವಹಿ

2003ರಲ್ಲಿ ಇವಾನ್ ಹ್ಯಾರಿಸ್ ಎಂಬವರು ಈ 4ರ ಉತ್ತರವನ್ನು ಬೇರೊಂದು ಕೆಲಸಕ್ಕೆ, ಕಸದ ಪತ್ರಗಳನ್ನು (ಸ್ಪ್ಯಾಮ್) ತಡೆಯುವುದಕ್ಕೆ ಹಚ್ಚಬಹುದೆಂದು ಬರೆದರು. ಗುರುತಿಲ್ಲದವರು ಮೊದಲ ಸಲ ಬಂದಾಗ, ಸರ್ವರ್ ಎಷ್ಟೇ ಬಿಡುವಾಗಿದ್ದರೂ ‘ಆಮೇಲೆ ಬಾ’ ಎನ್ನುವುದು. ಮರಳಿ ಬಂದರೆ ಒಳಗೆ ಬಿಡುವುದು. ಆ ಹೊತ್ತಿಗೆ ಕಪ್ಪುಪಟ್ಟಿಯೂ ಇತ್ತು, ಬಿಳಿಪಟ್ಟಿಯೂ ಇತ್ತು. ಕಳ್ಳನೆಂದು ಗೊತ್ತಿರುವವನು ಕಪ್ಪಿಗೆ, ಸಂಭಾವಿತನೆಂದು ಗೊತ್ತಿರುವವನು ಬಿಳಿಗೆ. ಯಾವುದೂ ಗೊತ್ತಿಲ್ಲದವನನ್ನು ನಡುವಿನ ಬೂದು ಬಣ್ಣದಲ್ಲಿ ಇಡುವ ಈ ಪದ್ಧತಿಗೆ ಗ್ರೇಲಿಸ್ಟಿಂಗ್ ಎಂಬ ಹೆಸರು ಬಂತು. ಬೂದುಪಟ್ಟಿ ಎನ್ನೋಣ.

ಧಾರವಾಡದ ಮಾಳಮಡ್ಡಿಯ ಒಂದು ಹಳೆಯ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಪಡಸಾಲೆಯಲ್ಲಿ ಅಜ್ಜಿ ಕುಳಿತಿದ್ದಾರೆ. ಮಧ್ಯಾಹ್ನ ಗುರುತಿಲ್ಲದ ಒಬ್ಬನು ಬಾಗಿಲು ತಟ್ಟುತ್ತಾನೆ. ಅಜ್ಜಿ ಗದರಿಸುವುದಿಲ್ಲ, ಒಳಗೂ ಕರೆಯುವುದಿಲ್ಲ. “ಯಜಮಾನರು ಊಟಕ್ಕೆ ಕುಳಿತಿದ್ದಾರೆ, ಅರ್ಧ ತಾಸು ಬಿಟ್ಟು ಬಾರಪ್ಪ” ಎನ್ನುತ್ತಾರೆ. ಅವನು ಹೋದ ಮೇಲೆ ವಹಿಯಲ್ಲಿ ಮೂರು ಸಂಗತಿ ಬರೆದುಕೊಳ್ಳುತ್ತಾರೆ: ಬಂದವನು ಯಾರು, ಅವನನ್ನು ಕಳುಹಿಸಿದವರು ಯಾರು, ಮನೆಯಲ್ಲಿ ಯಾರನ್ನು ಕೇಳಿಕೊಂಡು ಬಂದ. ಜೊತೆಗೆ ಗಡಿಯಾರ ನೋಡಿ ಹೊತ್ತನ್ನೂ ಗುರುತು ಹಾಕುತ್ತಾರೆ.

ನಿಜವಾದ ಕೆಲಸವಿದ್ದವನು ಅರ್ಧ ತಾಸಿನ ಮೇಲೆ ಬಂದೇ ಬರುತ್ತಾನೆ. ಅಜ್ಜಿ ವಹಿ ತೆರೆದು ಮೂರೂ ಸಂಗತಿ ತಾಳೆ ನೋಡಿ ಒಳಗೆ ಬಿಡುತ್ತಾರೆ. ದಿನಕ್ಕೆ ಇನ್ನೂರು ಬಾಗಿಲು ತಟ್ಟಿ ಏನನ್ನೋ ಮಾರುವವನು ಒಂದು ಮನೆಗೆ ಎರಡನೆಯ ಸಲ ಬರುವುದಿಲ್ಲ. ಅಷ್ಟರಲ್ಲಿ ಅವನು ಮುಂದಿನ ಓಣಿಯಲ್ಲಿರುತ್ತಾನೆ.

ಸರ್ವರ್ ಬರೆದುಕೊಳ್ಳುವುದೂ ಇದೇ ಮೂರು ಸಂಗತಿಗಳನ್ನು. ಬಾಗಿಲು ತಟ್ಟಿದ ಯಂತ್ರದ ಐಪಿ ವಿಳಾಸ, ಎಂದರೆ ಅಂತರಜಾಲದಲ್ಲಿ ಆ ಯಂತ್ರಕ್ಕಿರುವ ಅಂಕಿಗಳ ಗುರುತು; ಲಕೋಟೆಯ ಮೇಲಿನ ಕಳುಹಿಸಿದವರ ವಿಳಾಸ; ತಲುಪಬೇಕಾದವರ ವಿಳಾಸ. ಈ ಮೂರರ ಜೋಡಿ ಹೊಸದಾಗಿದ್ದರೆ ಉತ್ತರ 450 ಅಥವಾ 451. ನಿಗದಿಯಾದ ಹೊತ್ತು ಕಳೆಯುವ ಮೊದಲೇ ಬಂದರೆ ಮತ್ತೆ ಅದೇ ಉತ್ತರ. ಹಾಗೆ ಅವಸರದಿಂದ ಬಂದದ್ದಕ್ಕೆ ಶಿಕ್ಷೆಯಿಲ್ಲ, ಎಣಿಕೆ ಮೊದಲ ಭೇಟಿಯಿಂದಲೇ ನಡೆಯುತ್ತದೆ.

ಎಷ್ಟು ಹೊತ್ತು ಕಾಯಿಸಬೇಕು ಎಂಬುದು ಆಯಾ ಮನೆಯ ರೀತಿ. ಹ್ಯಾರಿಸ್ ಸೂಚಿಸಿದ್ದು ಸುಮಾರು ಒಂದು ತಾಸು. ಪೋಸ್ಟ್‌ಗ್ರೇ ಎಂಬ ತಂತ್ರಾಂಶ ಬದಲಾವಣೆಯಿಲ್ಲದೆ ಬಳಸಿದರೆ 5 ನಿಮಿಷ ಕಾಯಿಸುತ್ತದೆ, ಓಪನ್‌ಬಿಎಸ್‌ಡಿಯ ಸ್ಪ್ಯಾಮ್‌ಡಿ 25 ನಿಮಿಷ. ಮರಳಿ ಬರಲು ಕೊನೆಯ ಗಡಿಯೂ ಉಂಟು. ಸ್ಪ್ಯಾಮ್‌ಡಿಯಲ್ಲಿ ನಾಲ್ಕು ತಾಸಿನೊಳಗೆ ಬರದಿದ್ದರೆ ಆ ಸಾಲನ್ನು ವಹಿಯಿಂದ ಅಳಿಸಲಾಗುತ್ತದೆ, ಐದನೆಯ ತಾಸಿಗೆ ಬಂದವನು ಪುನಃ ಹೊಸಬನೇ. ಒಮ್ಮೆ ಪಾಸಾದ ಜೋಡಿಗೆ ಮಾತ್ರ ಬಾಗಿಲು ಬಹಳ ದಿನ ತೆರೆದಿರುತ್ತದೆ: ಸ್ಪ್ಯಾಮ್‌ಡಿಯಲ್ಲಿ 36 ದಿನ, ಪೋಸ್ಟ್‌ಗ್ರೇಯಲ್ಲಿ 35. ತಿಂಗಳಿಗೊಮ್ಮೆ ಪತ್ರ ಹಾಕುವವರು ಪ್ರತಿ ತಿಂಗಳೂ ಹೊಸಬರಾಗಬಾರದಲ್ಲ, ಅದಕ್ಕೆ ತಿಂಗಳಿಗಿಂತ ಐದಾರು ದಿನ ಹೆಚ್ಚು.

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಹೊರರಾಜ್ಯದ ಹೊಸ ಗಿರಾಕಿಗೆ ಮೊದಲ ಸಲ ದರಪಟ್ಟಿ ಕಳುಹಿಸಿದಾಗ ಅರ್ಧ ತಾಸು ತಡವಾಗಿ, ಎರಡನೆಯ ಪತ್ರದಿಂದ ಕ್ಷಣದಲ್ಲಿ ಮುಟ್ಟುವುದಕ್ಕೆ ಇದೇ ಕಾರಣ.

ಕಾಯಿಸುವಾಗ ಪತ್ರ ಎಲ್ಲಿರುತ್ತದೆ ಎಂದು ಬಹಳ ಜನ ಕೇಳುತ್ತಾರೆ. ಅಜ್ಜಿ ಪತ್ರವನ್ನು ಕೈಗೆ ತೆಗೆದುಕೊಂಡಿಲ್ಲ. ಅದು ಬಂದವನ ಚೀಲದಲ್ಲೇ ಮರಳಿ ಹೋಗಿದೆ. ಆದ್ದರಿಂದ ಆ ಇಪ್ಪತ್ತು ನಿಮಿಷದಲ್ಲಿ ನೀವು ನಿಮ್ಮ ಸ್ಪ್ಯಾಮ್ ಪೆಟ್ಟಿಗೆಯನ್ನು ಎಷ್ಟು ಸಲ ತೆರೆದು ನೋಡಿದರೂ ಅಲ್ಲಿ ಅದು ಸಿಗುವುದಿಲ್ಲ. ಸಾಮಾನ್ಯವಾಗಿ ಲಕೋಟೆ ನೋಡುವ ಹಂತದಲ್ಲೇ ‘ಆಮೇಲೆ ಬಾ’ ಎನ್ನುವುದರಿಂದ ಒಡಲು ಆ ಕಡೆಯಿಂದ ಹೊರಡುವುದೇ ಇಲ್ಲ. ಗದಗಿನ ಮುದ್ರಣಾಲಯವೊಂದು 20 ಎಂಬಿಯ ಕರಡು ಪುಟಗಳನ್ನು ಕಳುಹಿಸುತ್ತಿದ್ದರೆ, ಮೂರು ಸಲ ಬಾಗಿಲು ತಟ್ಟಿದರೂ ಆ ಭಾರ ಸಾಗುವುದು ಒಂದೇ ಸಲ.

ಕಸದ ಪತ್ರದವರು ಏಕೆ ಮರಳುತ್ತಿರಲಿಲ್ಲ

ಬೇಡದ ಜಾಹೀರಾತಿನ ಇ-ಮೇಲ್‌ನ ಚರಿತ್ರೆ 1978ರ ಮೇ 3ರಷ್ಟು ಹಳೆಯದು; ಅಂದು ಅಮೆರಿಕದ ಅರ್ಪಾನೆಟ್ ಜಾಲದಲ್ಲಿ ಒಂದು ಕಂಪ್ಯೂಟರ್ ಕಂಪನಿಯ ಮಾರಾಟಗಾರರೊಬ್ಬರು ಸುಮಾರು 400 ಜನರಿಗೆ ಒಂದೇ ಪತ್ರ ಹಾಕಿದ್ದರು. 2003ರ ಹೊತ್ತಿಗೆ ಈ ಕೆಲಸ ಜನರ ಮನೆಯ ಕಂಪ್ಯೂಟರ್‌ಗಳ ಮೂಲಕ ನಡೆಯತೊಡಗಿತ್ತು. ಆ ವರ್ಷ ಹಬ್ಬಿದ ಸೋಬಿಗ್‌ನಂತಹ ಕಾರ್ಯಕ್ರಮಗಳು ಮಾಲೀಕರಿಗೆ ಗೊತ್ತಾಗದಂತೆ ಅವರ ಯಂತ್ರದಿಂದಲೇ ಕಸದ ಪತ್ರ ಕಳುಹಿಸಲು ದಾರಿ ಮಾಡಿಕೊಟ್ಟವು.

ಅಂಥ ಕಾರ್ಯಕ್ರಮಕ್ಕೆ ಬೇಕಾದದ್ದು ವೇಗ. ಲಕ್ಷ ವಿಳಾಸಗಳ ಪಟ್ಟಿ ಹಿಡಿದು ಓಡುತ್ತದೆ. ಉತ್ತರ 2 ಬಂದರೂ 4 ಬಂದರೂ 5 ಬಂದರೂ ಮುಂದಿನ ವಿಳಾಸಕ್ಕೆ ಜಿಗಿಯುತ್ತದೆ. ಮರಳಿ ಹೋಗಬೇಕೆಂದರೆ ಯಾರು ಯಾವಾಗ ಏನೆಂದರು ಎಂದು ನೆನಪಿಡಬೇಕು, ಪತ್ರಗಳನ್ನು ಡಿಸ್ಕಿನಲ್ಲಿ ಇಟ್ಟುಕೊಳ್ಳಬೇಕು, ಅದೇ ಯಂತ್ರ ಅರ್ಧ ತಾಸಿನ ಮೇಲೂ ಚಾಲೂ ಇರಬೇಕು. ಇಷ್ಟು ಸಂಸಾರ ಅದಕ್ಕೆ ಇರಲಿಲ್ಲ. ನಿಯಮದಂತೆ ನಡೆಯುವ ಮೇಲ್ ಸರ್ವರ್‌ಗೆ ಈ ಸಂಸಾರ ಹುಟ್ಟಿನಿಂದಲೇ ಇದೆ.

ಕೆಲವರು ಕಾಲಕ್ರಮದಲ್ಲಿ ಮರಳಿ ಬರುವುದನ್ನು ಕಲಿತರು. ಹಾಗೆ ಕಲಿತವರ ವಿರುದ್ಧವೂ ಬೂದುಪಟ್ಟಿ ಪೂರ್ತಿ ಸೋಲುವುದಿಲ್ಲ. ಕಾಯುವ ಆ ಅರ್ಧ ತಾಸಿನಲ್ಲಿ ಅದೇ ಯಂತ್ರ ಊರೆಲ್ಲ ತಿರುಗಿ ಎಲ್ಲೋ ಸಿಕ್ಕಿಬಿದ್ದು, ಅದರ ಐಪಿ ವಿಳಾಸ ಕಪ್ಪುಪಟ್ಟಿ ಸೇರಿರುವ ಸಾಧ್ಯತೆ ಇದೆ. ಎರಡನೆಯ ಸಲ ಬರುವಾಗ ಅಜ್ಜಿಗೆ ಸುದ್ದಿ ಮುಟ್ಟಿರುತ್ತದೆ. 2012ರ ಜೂನ್‌ನಲ್ಲಿ ಆರ್‌ಎಫ್‌ಸಿ 6647 ಎಂಬ ದಾಖಲೆ ಈ ಪದ್ಧತಿಯ ಲಾಭ-ನಷ್ಟ ಎರಡನ್ನೂ ಒಟ್ಟಿಗೆ ಬರೆದಿಟ್ಟಿತು.

ಕಳುಹಿಸುವ ಕಡೆಯ ಸರದಿ

ಈಗ ಚೀಲ ಹೊತ್ತು ಮರಳಿ ಹೋದವನ ಹಿಂದೆ ಹೋಗೋಣ. ತಡ ಎಷ್ಟಾಗುತ್ತದೆ ಎಂಬುದನ್ನು ಅಜ್ಜಿ ಒಬ್ಬರೇ ತೀರ್ಮಾನಿಸುವುದಿಲ್ಲ. ಅವರು ‘ಐದು ನಿಮಿಷ ಬಿಟ್ಟು ಬಾ’ ಎಂದರೂ ಇವನು ಒಂದು ತಾಸಿನ ಮೇಲೆ ಬಂದರೆ ತಡ ಒಂದು ತಾಸೇ. ಇನ್ನೊಂದು ತೊಡಕೆಂದರೆ, ಎಷ್ಟು ಹೊತ್ತಿನ ಮೇಲೆ ಬರಬೇಕೆಂಬುದನ್ನು 4ರ ಉತ್ತರ ಯಂತ್ರಕ್ಕೆ ತಿಳಿಯುವ ರೀತಿಯಲ್ಲಿ ಹೇಳುವುದಿಲ್ಲ. ಬಂದವನು ತನ್ನ ಅಂದಾಜಿನಂತೆ ಬರುತ್ತಾನೆ.

ಪ್ರತಿ ಮೇಲ್ ಸರ್ವರ್‌ನಲ್ಲೂ ಒಂದು ಸರದಿ ಇರುತ್ತದೆ. ತಲುಪದೆ ಉಳಿದ ಪತ್ರಗಳು ಅಲ್ಲಿ ಕುಳಿತಿರುತ್ತವೆ. ಆರ್‌ಎಫ್‌ಸಿ 5321 ಹೇಳುವಂತೆ ಎರಡು ಪ್ರಯತ್ನಗಳ ನಡುವೆ ಕನಿಷ್ಠ 30 ನಿಮಿಷ ಇರಬೇಕು, ಕೈಬಿಡುವ ಮೊದಲು ಕನಿಷ್ಠ 4–5 ದಿನ ಪ್ರಯತ್ನಿಸಬೇಕು. ಮೊದಲ ತಾಸಿನಲ್ಲಿ ಎರಡು ಸಲ, ಆಮೇಲೆ ಎರಡು-ಮೂರು ತಾಸಿಗೊಮ್ಮೆ ಎಂಬ ಮಾದರಿಯನ್ನೂ ಅದು ಕೊಡುತ್ತದೆ. ಬಳಕೆಯಲ್ಲಿ ಒಬ್ಬೊಬ್ಬರದು ಒಂದೊಂದು ನಡೆ.

ಎಕ್ಸಿಮ್ ಎಂಬ ಸರ್ವರ್ ತಂತ್ರಾಂಶ ಮಾದರಿ ನಿಯಮದಂತೆ ಮೊದಲ ಎರಡು ತಾಸು 15 ನಿಮಿಷಕ್ಕೊಮ್ಮೆ ಹೋಗುತ್ತದೆ. ಆಮೇಲೆ ಒಂದು ತಾಸು, ಅದರ ಒಂದೂವರೆ ಪಟ್ಟು, ಅದರ ಒಂದೂವರೆ ಪಟ್ಟು ಎಂದು 16 ತಾಸು ತುಂಬುವವರೆಗೆ ಅಂತರ ಬೆಳೆಸುತ್ತದೆ. ಅಲ್ಲಿಂದ 6 ತಾಸಿಗೊಮ್ಮೆ, ನಾಲ್ಕು ದಿನ ತುಂಬುವವರೆಗೆ. ಕ್ಯೂಮೇಲ್ ಎಂಬ ಹಳೆಯ ತಂತ್ರಾಂಶದ ಎರಡನೆಯ ಪ್ರಯತ್ನ 400 ಸೆಕೆಂಡಿಗೆ, ಮೂರನೆಯದು ಮೊದಲಿನಿಂದ 1600 ಸೆಕೆಂಡಿಗೆ, ನಾಲ್ಕನೆಯದು 3600ಕ್ಕೆ; ವರ್ಗಸಂಖ್ಯೆಗಳ ಲೆಕ್ಕ. ಅದು ಏಳು ದಿನ ಪಟ್ಟು ಬಿಡುವುದಿಲ್ಲ.

ಪೋಸ್ಟ್‌ಫಿಕ್ಸ್‌ನ ರೀತಿ ನನಗೆ ಬಹಳ ಇಷ್ಟ. ಪತ್ರಕ್ಕೆ ಎಷ್ಟು ವಯಸ್ಸಾಗಿದೆಯೋ ಅಷ್ಟೇ ಹೊತ್ತು ಮುಂದಿನ ಪ್ರಯತ್ನಕ್ಕೆ ಕಾಯುತ್ತದೆ. ಹುಟ್ಟಿ 5 ನಿಮಿಷಕ್ಕೆ ಹೋಗಿ ಇಲ್ಲವೆನಿಸಿಕೊಂಡರೆ ಇನ್ನೈದು ನಿಮಿಷ ಬಿಟ್ಟು 10ನೆಯ ನಿಮಿಷಕ್ಕೆ; ಅಲ್ಲೂ ಇಲ್ಲವೆಂದರೆ 20ನೆಯ ನಿಮಿಷಕ್ಕೆ, ಆಮೇಲೆ 40ಕ್ಕೆ. ಬದಲಾಯಿಸದೆ ಬಿಟ್ಟರೆ ಕಾಯುವ ಅವಧಿ 300 ಸೆಕೆಂಡಿಗಿಂತ ಕಡಿಮೆಯಾಗುವುದಿಲ್ಲ, 4000 ಸೆಕೆಂಡಿಗಿಂತ ಹೆಚ್ಚಾಗುವುದಿಲ್ಲ. ಸರದಿಯನ್ನು ಅದು ಐದು ನಿಮಿಷಕ್ಕೊಮ್ಮೆ ತಡಕಿ ನೋಡುವುದರಿಂದ ಈ ಎಣಿಕೆ ಕೆಲವು ನಿಮಿಷ ಆಚೀಚೆ ಆಗುತ್ತದೆ. ಐದು ದಿನವಾದರೂ ತಲುಪದಿದ್ದರೆ ಪತ್ರ ಕಳುಹಿಸಿದವರಿಗೆ ಮರಳುತ್ತದೆ.

ಅಂತರ ಬೆಳೆಯುತ್ತ ಹೋಗುವುದೇಕೆ? ಎದುರಿನ ಸರ್ವರ್ ನಿಜವಾಗಿಯೇ ಬಿದ್ದಿದೆ ಎಂದಿಟ್ಟುಕೊಳ್ಳಿ. ಅದು ಎದ್ದು ನಿಲ್ಲುವ ಹೊತ್ತಿಗೆ ಸಾವಿರ ಸರ್ವರ್‌ಗಳು ನಿಮಿಷಕ್ಕೊಮ್ಮೆ ಬಾಗಿಲು ಬಡಿಯುತ್ತಿದ್ದರೆ ಅದು ಮತ್ತೆ ಬೀಳುತ್ತದೆ. ಐದು ನಿಮಿಷದಲ್ಲಿ ಸರಿಹೋಗದ ತೊಂದರೆ ಆರನೆಯ ನಿಮಿಷದಲ್ಲಿ ಸರಿಹೋಗುವ ಸಂಭವವೂ ಕಡಿಮೆ.

ಈ ನಡುವೆ ಕೆಲವು ಸರ್ವರ್‌ಗಳು ಕಳುಹಿಸಿದವರಿಗೆ ‘ಪತ್ರ ಇನ್ನೂ ತಲುಪಿಲ್ಲ, ಪ್ರಯತ್ನ ನಡೆದಿದೆ’ ಎಂಬ ಎಚ್ಚರಿಕೆ ಕಳುಹಿಸುತ್ತವೆ. ಸೆಂಡ್‌ಮೇಲ್‌ನಲ್ಲಿ ಇದು ಸಾಮಾನ್ಯವಾಗಿ ನಾಲ್ಕು ತಾಸಿಗೆ. ಇಂಗ್ಲಿಷಿನಲ್ಲಿ ಉದ್ದಕ್ಕೆ ಬರೆದಿರುವುದರಿಂದ ಅದನ್ನು ನೋಡಿದವರು ಪತ್ರ ಬೌನ್ಸ್ ಆಯಿತೆಂದು ತಿಳಿದು ಅದನ್ನೇ ಮತ್ತೆ ಕಳುಹಿಸುತ್ತಾರೆ. ಹುಬ್ಬಳ್ಳಿಯ ಒಂದು ಕಚೇರಿಯಲ್ಲಿ ಹೀಗೆ ಒಂದೇ ಬಿಲ್ ಮೂರು ಸಲ ಹೋಗಿ, ಗಿರಾಕಿ ಮೂರು ಬೇರೆ ಬಿಲ್‌ಗಳೆಂದು ತಕರಾರು ಎತ್ತಿದ್ದನ್ನು ನಾನೇ ಬಿಡಿಸಿದ್ದೇನೆ.

ಆರು ಕೋಡ್‌ಗಳ ಲೆಕ್ಕ

ಮರುದಿನ ಅಕ್ಕನ ಮಗಳು ಆ ಆರೂ ಪತ್ರಗಳ ತಲೆಬರಹಗಳನ್ನು ನನಗೆ ಕಳುಹಿಸಿದಳು. ತಲೆಬರಹವೆಂದರೆ ಪತ್ರ ಯಾವ ಸರ್ವರ್‌ಗೆ ಎಷ್ಟು ಹೊತ್ತಿಗೆ ಸೇರಿತು ಎಂಬ ಠಸೆಗಳ ಸಾಲು. ಓದುಗರಿಗೆ ಕಾಣದಂತೆ ಮಡಚಿಟ್ಟಿರುತ್ತದೆ. ಅವಳು ಬಳಸುತ್ತಿದ್ದುದು ಓದಿದ ಸಂಸ್ಥೆ ಕೊಟ್ಟ ಇ-ಮೇಲ್ ವಿಳಾಸ. ಆ ಸರ್ವರ್ ಹೊಸಬರನ್ನು 20 ನಿಮಿಷ ಕಾಯಿಸುತ್ತಿತ್ತು. ಅರ್ಜಿಯ ಜಾಲತಾಣದ ಕಡೆಯಿಂದ ಮರುಯತ್ನದ ನಡೆ ಮೇಲೆ ಹೇಳಿದ 5, 10, 20ರ ನಡೆ.

10:40ರ ಪತ್ರ 10:45ಕ್ಕೆ, 10:50ಕ್ಕೆ ಹೋಗಿ ಹಿಂದಿರುಗಿತು. 11:01ಕ್ಕೆ ಹೋದಾಗ 20 ನಿಮಿಷ ತುಂಬಿತ್ತು, ಒಳಗೆ ಬಂತು. ಈ ಮೂರರ ಜೋಡಿ ಈಗ ಪರಿಚಿತ. ಇದರ ಮುಂದೆ ಅದೇ ಯಂತ್ರದಿಂದ, ಅದೇ ವಿಳಾಸದಿಂದ, ಅವಳಿಗೆ ಬರುವ ಯಾವ ಪತ್ರಕ್ಕೂ ತಡೆಯಿಲ್ಲ. ಆದರೆ ಸರದಿಯಲ್ಲಿರುವ ಉಳಿದ ಪತ್ರಗಳಿಗೆ ಬಾಗಿಲು ತೆರೆದ ಸುದ್ದಿ ಗೊತ್ತಿಲ್ಲ. ಅವು ತಮ್ಮ ತಮ್ಮ ಹೊತ್ತಿಗೇ ಹೊರಡುತ್ತವೆ.

10:56ರ ಪತ್ರಕ್ಕೆ ಅದು ಮೊದಲ ಮರುಯತ್ನ, 11:02ಕ್ಕೆ ಬಂತು. 10:52ರದು ಎರಡನೆಯ ಮರುಯತ್ನಕ್ಕೆ, ಅದೂ 11:02ಕ್ಕೆ. 11:03ಕ್ಕೆ ಅವಳು ಕೇಳಿದ ಹೊಸ ಕೋಡ್ ಎಲ್ಲಿಯೂ ನಿಲ್ಲದೆ ಅದೇ ನಿಮಿಷ ಬಂತು. ಇವೆಲ್ಲಕ್ಕಿಂತ ಹಳೆಯದಾದ 10:44ರ ಪತ್ರ 10ನೆಯ ನಿಮಿಷದಲ್ಲಿ ಎಡವಿ 20ನೆಯ ನಿಮಿಷಕ್ಕೆ ಕಾದಿತ್ತು, 11:04ಕ್ಕೆ ಬಂತು. 10:47ರದು 11:07ಕ್ಕೆ. ಹಾಗಾಗಿ ಪೆಟ್ಟಿಗೆಯ ನೆತ್ತಿಯ ಮೇಲೆ ಕುಳಿತಿದ್ದುದು 10:47ರ ಸತ್ತ ಕೋಡ್, ಅದರ ಕೆಳಗೆ 10:44ರ ಸತ್ತ ಕೋಡ್, ಮೂರನೆಯ ಸ್ಥಾನದಲ್ಲಿ ಜೀವಂತ ಕೋಡ್. ಆ ಜಾಲತಾಣದಲ್ಲಿ ಹೊಸ ಕೋಡ್ ಹುಟ್ಟಿದೊಡನೆ ಹಳೆಯವು ರದ್ದಾಗುತ್ತಿದ್ದವು. ಮೇಲಿನದೇ ಹೊಸದು ಎಂದು ನಂಬಿದ್ದಕ್ಕೆ ಅವಳನ್ನು ದೂರಲಾಗದು. ಯಾರಾದರೂ ಹಾಗೆಯೇ ನಂಬುತ್ತಾರೆ.

ಗುಂಡಿಯನ್ನು ಮತ್ತೆ ಮತ್ತೆ ಒತ್ತಿದ್ದರಿಂದ ಲಾಭವಾಯಿತೇ ಎಂದು ಅವಳು ಕೇಳಿದಳು. ಮೊದಲ ಇಪ್ಪತ್ತು ನಿಮಿಷ ಒತ್ತಿದ್ದು ವ್ಯರ್ಥ, ಗೊಂದಲಕ್ಕೆ ಕಾರಣ. 11:03ಕ್ಕೆ ಒತ್ತಿದ್ದು ಅರ್ಜಿಯನ್ನು ಉಳಿಸಿತು. ಒಮ್ಮೆ ಕೇಳಿ, ತಡವಾದರೂ ಮೊದಲ ಪತ್ರ ಬರುವವರೆಗೆ ಕಾದು, ಅದು ಬಂದ ಮೇಲೆ ಹೊಸದಾಗಿ ಒಂದೇ ಸಲ ಕೇಳಿದರೆ ಆ ಎರಡನೆಯ ಕೋಡ್ ಕೂಡಲೇ ಬರುತ್ತದೆ. ಇದಕ್ಕೆ ಬೇಕಾದದ್ದು ಕೈಯಲ್ಲಿ ಒಂದು ತಾಸು ಸಮಯ. ಕಡೆಯ ದಿನದ ರಾತ್ರಿ ಅದೇ ಇರುವುದಿಲ್ಲ.

ಅಂಗಡಿ ಒಂದೇ, ಹುಡುಗರು ಬೇರೆ

ದೊಡ್ಡ ಕಂಪನಿಗಳ ಪತ್ರ ಕೆಲವೊಮ್ಮೆ ಇನ್ನೂ ಹೆಚ್ಚು ತಡವಾಗುವುದು ವಿಚಿತ್ರವೆನಿಸಬಹುದು. ಪೇಡೆ ಅಂಗಡಿಯ ಹುಡುಗನೊಬ್ಬ ಪೊಟ್ಟಣ ತಂದಾಗ ಅಜ್ಜಿ ಅರ್ಧ ತಾಸು ಬಿಟ್ಟು ಬಾ ಎಂದರು. ಅರ್ಧ ತಾಸಿನ ಮೇಲೆ ಅಂಗಡಿಯವರು ಬೇರೊಬ್ಬ ಹುಡುಗನನ್ನು ಕಳುಹಿಸಿದರು. ವಹಿಯಲ್ಲಿ ಅವನ ಮುಖ ಇಲ್ಲ. “ಅರ್ಧ ತಾಸು ಬಿಟ್ಟು ಬಾರಪ್ಪ.” ಮೂರನೆಯ ಸಲ ಮೂರನೆಯವನು. ದೊಡ್ಡ ಇ-ಮೇಲ್ ಸೇವೆಗಳಲ್ಲಿ ಒಂದೇ ಪತ್ರದ ಮರುಯತ್ನ ಬೇರೆ ಬೇರೆ ಐಪಿ ವಿಳಾಸದ ಯಂತ್ರಗಳಿಂದ ನಡೆಯಬಹುದು. ಆಗ ಪ್ರತಿ ಸಲವೂ ಜೋಡಿ ಹೊಸದು.

ಇದಕ್ಕೆ ಅಜ್ಜಿ ಮುಖದ ಬದಲು ಅಂಗಡಿಯ ಸಮವಸ್ತ್ರ ನೋಡತೊಡಗಿದರೆ ಸಾಕು. ಐಪಿ ವಿಳಾಸದ ನಾಲ್ಕು ಭಾಗಗಳಲ್ಲಿ ಮೊದಲ ಮೂರನ್ನು ಮಾತ್ರ ಹೋಲಿಸಿದರೆ ನೆರೆಹೊರೆಯ 256 ವಿಳಾಸಗಳು ಒಂದೇ ಮನೆಯವರೆನಿಸುತ್ತವೆ; ಪೋಸ್ಟ್‌ಗ್ರೇ ಹೀಗೆಯೇ ಮಾಡುತ್ತದೆ. ಹೆಸರಾಂತ ಸೇವೆಗಳನ್ನು ಮೊದಲೇ ಬಿಳಿಪಟ್ಟಿಗೆ ಸೇರಿಸುವುದು ಇನ್ನೊಂದು ದಾರಿ.

ಕಳುಹಿಸಿದವರ ವಿಳಾಸವೇ ಪ್ರತಿ ಪತ್ರಕ್ಕೂ ಬದಲಾಗುವುದೂ ಉಂಟು. ಯಾವ ಪತ್ರ ಯಾರಿಗೆ ತಲುಪಲಿಲ್ಲ ಎಂದು ಪತ್ತೆಹಚ್ಚಲು ಕೆಲವು ಸಂಸ್ಥೆಗಳು ಲಕೋಟೆಯ ಮೇಲಿನ ವಿಳಾಸದಲ್ಲಿ ಪ್ರತಿ ಸಲ ಹೊಸ ಸಂಖ್ಯೆ ಸೇರಿಸುತ್ತವೆ. ನಿಮಗೆ ಕಾಣುವ ಹೆಸರು ಅದೇ. ಅಜ್ಜಿಗೆ ಕಾಣುವುದು ಹೊಸ ಹೆಸರು. ಅಂಥ ಕಡೆಯಿಂದ ಬರುವ ಕೋಡ್‌ಗೆ ನಾನು ಮೇಲೆ ಹೇಳಿದ ಉಪಾಯ ಫಲಿಸುವುದಿಲ್ಲ, ಪ್ರತಿ ಕೋಡ್ ಕೂಡ ಇಪ್ಪತ್ತು ನಿಮಿಷ ಕಾಯುತ್ತದೆ.

ಪತ್ರ ನಿಜವಾಗಿ ಕಳೆಯುವುದು

ಸರದಿ ಇಲ್ಲದವನು ಕಳುಹಿಸಿದಾಗ ಪತ್ರ ಕಳೆಯುತ್ತದೆ. ಜಾಲತಾಣ ಕಟ್ಟುವ ಕೆಲವರು ‘ಸಂಪರ್ಕಿಸಿ’ ಪುಟದ ಪತ್ರವನ್ನೋ ಕೋಡನ್ನೋ ಮೇಲ್ ಸರ್ವರ್‌ಗೆ ಒಪ್ಪಿಸದೆ ತಮ್ಮ ಪುಟ್ಟ ಕಾರ್ಯಕ್ರಮದಿಂದಲೇ ನೇರವಾಗಿ ಎದುರಿನ ಬಾಗಿಲಿಗೆ ಒಯ್ಯುತ್ತಾರೆ. ‘ಆಮೇಲೆ ಬಾ’ ಎಂದರೆ ಆ ಕಾರ್ಯಕ್ರಮಕ್ಕೆ ಏನು ಮಾಡಬೇಕೆಂದು ಗೊತ್ತಿಲ್ಲ. ಪತ್ರವನ್ನು ಅಲ್ಲೇ ಬಿಟ್ಟು ಹೋಗುತ್ತದೆ. ಹೊರಗಿನಿಂದ ನೋಡಿದರೆ ಅದಕ್ಕೂ ಕಸದ ಪತ್ರದವನಿಗೂ ವ್ಯತ್ಯಾಸವೇ ಇಲ್ಲ. ಜಾಲತಾಣ ಕಟ್ಟುವವರು ಪತ್ರವನ್ನು ಸರದಿ ಇರುವ ಸರ್ವರ್‌ಗೆ ಒಪ್ಪಿಸಿದರೆ ಈ ನಷ್ಟ ತಪ್ಪುತ್ತದೆ, ಅದು ದೊಡ್ಡ ಕೆಲಸವೂ ಅಲ್ಲ.

ಎಲ್ಲಿ ಕಾಯಿತೆಂದು ನೋಡುವುದು

ಜಿಮೇಲ್‌ನಲ್ಲಿ ಪತ್ರ ತೆರೆದು ಮೂರು ಚುಕ್ಕಿಯ ಪಟ್ಟಿಯಲ್ಲಿ ‘ಶೋ ಒರಿಜಿನಲ್’ ಆರಿಸಿದರೆ ತಲೆಬರಹ ತೆರೆಯುತ್ತದೆ. ಹುಟ್ಟಿದ ಎಷ್ಟು ಸೆಕೆಂಡಿಗೆ ತಲುಪಿತು ಎಂಬುದು ಮೇಲ್ಗಡೆಯೇ ಇರುತ್ತದೆ. ಬೇರೆ ಸೇವೆಗಳಲ್ಲಿ ‘ರಿಸೀವ್ಡ್’ ಎಂದು ಆರಂಭವಾಗುವ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು, ಏಕೆಂದರೆ ಪ್ರತಿ ಸರ್ವರ್ ತನ್ನ ಠಸೆಯನ್ನು ಹಿಂದಿನವರ ಮೇಲೆ ಒತ್ತುತ್ತದೆ. ಎರಡು ಸಾಲುಗಳ ನಡುವೆ ಎಲ್ಲಿ ಸಮಯ ದೊಡ್ಡದಾಗಿ ಜಿಗಿದಿದೆಯೋ ಅಲ್ಲಿ ಪತ್ರ ಕಾದಿದೆ. ಕೊನೆಯಲ್ಲಿರುವ +0530 ಎಂಬುದು ನಮ್ಮ ಭಾರತೀಯ ಕಾಲಮಾನ. ಬೇರೆ ಅಂಕಿ ಇದ್ದರೆ ಹೊಂದಿಸಿಕೊಂಡು ಲೆಕ್ಕ ಹಾಕಬೇಕು. ಆ ಜಿಗಿತ ಕಳುಹಿಸಿದವರ ಕೊನೆಯ ಸರ್ವರ್‌ಗೂ ನಿಮ್ಮ ಮೊದಲ ಸರ್ವರ್‌ಗೂ ನಡುವೆ ಇದ್ದು, ಅದೇ ಕಡೆಯ ಮುಂದಿನ ಪತ್ರದಲ್ಲಿ ಮಾಯವಾಗಿದ್ದರೆ ಬೂದುಪಟ್ಟಿಯ ಸಂದೇಹ ಬಲವಾಗುತ್ತದೆ.

ಸರ್ವರ್ ನೋಡಿಕೊಳ್ಳುವವರಿಗೆ ಎರಡು ಮಾತು

ಬೂದುಪಟ್ಟಿಯನ್ನು ನಾನೂ ಬಳಸಿದ್ದೇನೆ. ಹತ್ತು ಜನರ ಕಚೇರಿಗೆ ಅದು ಕಡಿಮೆ ಖರ್ಚಿನ ಒಳ್ಳೆಯ ಕಾವಲು. ಆದರೆ ವಿದ್ಯಾರ್ಥಿಗಳಿರುವ ಕಡೆ ಅದನ್ನು ಎಲ್ಲರಿಗೂ ಒಂದೇ ತೆರನಾಗಿ ಹಚ್ಚುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಪರೀಕ್ಷಾ ಪ್ರಾಧಿಕಾರಗಳು, ಬ್ಯಾಂಕುಗಳು, ಅರ್ಜಿಯ ಜಾಲತಾಣಗಳು ಬಿಳಿಪಟ್ಟಿಯಲ್ಲಿರಬೇಕು. ಕಾಯಿಸುವ ಅವಧಿ 5 ನಿಮಿಷಕ್ಕಿಂತ ಹೆಚ್ಚು ಬೇಕಿಲ್ಲ. ನಿಮ್ಮವರು ಯಾರಿಗೆ ಪತ್ರ ಬರೆದಿದ್ದಾರೋ ಅವರ ಉತ್ತರವನ್ನು ಕಾಯಿಸದಂತೆ ಹೊಂದಿಸಲು ಸಾಧ್ಯವಿದ್ದರೆ ಹೊಂದಿಸಿ.

ಎರಡು ಸರ್ವರ್ ಇಟ್ಟವರು ಇನ್ನೊಂದನ್ನು ಗಮನಿಸಬೇಕು. ಮುಂಬಾಗಿಲಿನಲ್ಲಿ ಅಜ್ಜಿ, ಹಿತ್ತಲ ಬಾಗಿಲಿನಲ್ಲಿ ಯಾರೂ ಇಲ್ಲದಿದ್ದರೆ ಮಾರುವವನು ಹಿತ್ತಲಿನಿಂದ ಬರುತ್ತಾನೆ. ಕಸದ ಪತ್ರದವರು ಎರಡನೆಯ ಸರ್ವರ್ ಹುಡುಕಿ ಬರುವುದು ಹೊಸದೇನಲ್ಲ. ಎರಡೂ ಕಡೆ ಕಾವಲಿದ್ದು ಇಬ್ಬರ ವಹಿ ಬೇರೆ ಬೇರೆಯಾಗಿದ್ದರೆ, ಮುಂದೆ ಕಾದವನು ಹಿಂದೆ ಬಂದಾಗ ಮೊದಲಿನಿಂದ ಕಾಯಬೇಕಾಗುತ್ತದೆ. ವಹಿ ಒಂದೇ ಇರಲಿ.

ಅಕ್ಕನ ಮಗಳು ತನ್ನ ಸಂಸ್ಥೆಗೆ ಆ ಆರು ಪತ್ರಗಳ ಸಮಯದ ಪಟ್ಟಿಯನ್ನು ಬರೆದು ಕಳುಹಿಸಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ. ಹದಿನೆಂಟು ದಿನಗಳ ಮೇಲೆ ಅದೇ ಜಾಲತಾಣದ ಅದೇ ವಿಳಾಸದಿಂದ ಪ್ರವೇಶಪತ್ರದ ಸೂಚನೆ ಬಂತು. ತಲೆಬರಹ ತೆರೆದು ನೋಡಿ ನನಗೆ ಹೇಳಿದಳು: ಹೊರಟದ್ದು 4:12ಕ್ಕೆ, ಮುಟ್ಟಿದ್ದೂ 4:12ಕ್ಕೆ.